ಓದುಗರ ಸ್ಪಂದನ: ‘ನಾಯನ ಕೇಳಿದೋರಿಗೆಲ್ಲ ಬೀಕಾಂ ಅಂತಾರೆ’

ಹೋದ ತಿಂಗಳು ಮುಳಬಾಗಿಲು ತಾಲ್ಲೂಕಿನ ಹುಡುಗಿಯೊಬ್ಬಳು ಬರೆದಿದ್ದು ನಿಮಗೆ ನೆನಪಿರಬಹುದು. ಹೊರ ರಾಜ್ಯದ ಒಂದು ಯೂನಿವರ್ಸಿಟಿಯಲ್ಲಿ ತೌಲನಿಕ ಸಾಹಿತ್ಯ (ಇಂಗ್ಲಿಷಲ್ಲಿ ಕಂಪ್ಯಾರೆಟಿವ್ ಲಿಟರೇಚರ್, ಬೇರೆ ಬೇರೆ ಭಾಷೆಗಳ ಸಾಹಿತ್ಯನ ಪಕ್ಕಪಕ್ಕ ಇಟ್ಟು ಓದೋದು) ತಗೊಂಡು ಬಿಎ ಓದ್ತಿದಾಳೆ, ಈಗ ಎರಡನೇ ವರ್ಷ. ಆ ಹೆಸರು ಹೇಳೋಕೇ ಕಷ್ಟ ಅಂತಾಳೆ. ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಈಗ ಕ್ಲಾಸಲ್ಲಿ ಇಂಗ್ಲಿಷ್. ಅಪ್ಪ (ಅವಳ ಮಾತಲ್ಲಿ ‘ನಾಯನ’) ಟೊಮೇಟೊ ಬೆಳೆಯೋರು. ಫೀಸು ಒಂದಿನ ಲೇಟ್ ಮಾಡದೆ ಕಟ್ತಾರೆ, ಆದ್ರೆ ಮಗಳು ಏನ್ ಓದ್ತಿದಾಳೆ ಅಂತ ಯಾರಾದ್ರೂ ಕೇಳಿದ್ರೆ ‘ಬೀಕಾಂ’ ಅಂತಾರೆ. ಮೇ ತಿಂಗಳಲ್ಲಿ ಚಿಕ್ಕಪ್ಪನ ಮಗಳ ಮದುವೆ, ಅಲ್ಲಿ ಎಲ್ರೂ ಕೇಳೇ ಕೇಳ್ತಾರೆ. ‘ಆ ಸುಳ್ಳು ನಾನೂ ಹೇಳ್ಬೇಕಾ, ಇಲ್ಲಾ ಇದನ್ನ ಬಿಟ್ಟು ಬಂದು ನಿಜವಾಗ್ಲೂ ಬೀಕಾಂ ಸೇರ್ಕೊಂಡ್ಬಿಡ್ಲಾ?’ ಇದು ಅವಳ ಪ್ರಶ್ನೆ.

ಪತ್ರಗಳು ನಾವು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಬಂದವು. ಕೆಲವನ್ನ ಚಿಕ್ಕದು ಮಾಡಿದೀವಿ. ಒಂದಕ್ಕೆ ಮಾತ್ರ ಕತ್ತರಿ ಹಾಕಿಲ್ಲ.

*

ಫೀಸು ಕಟ್ತಿರೋದು ಯಾರು? ಅಪ್ಪ. ಹಂಗಾದ್ರೆ ಮದುವೆ ಮನೇಲಿ ಅವರು ಏನ್ ಬೇಕಾದ್ರೂ ಹೇಳ್ಕೊಳ್ಲಿ, ನಿಂದೇನು ಗಂಟು ಹೋಯ್ತು? ಊಟ ಮಾಡ್ಕೊಂಡು ಎದ್ದು ಬಾ. ಇದನ್ನೂ ಒಂದು ಸಮಸ್ಯೆ ಅಂತ ಬರೀತಾರಲ್ಲಪ್ಪ.

— ಗೃಹಿಣಿ, ಮಾಲೂರು

*

ನಾನು ನಿಜವಾಗ್ಲೂ ಬೀಕಾಂ ಓದ್ತಿದೀನಿ. ನಮ್ಮಪ್ಪ ಎಲ್ರಿಗೂ ಸಿಎ ಅಂತಾರೆ.

— ಎರಡನೇ ವರ್ಷ, ಚಿಕ್ಕಬಳ್ಳಾಪುರ

*

ಈ ಎರಡು ಸಾಲು ಓದಿ ನಮ್ಮ ಆಫೀಸಲ್ಲಿ ಎಲ್ರೂ ನಕ್ಕಿದ್ದು ನಿಜ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾಗಿದ್ದೂ ನಿಜ. ಹುಡುಗಿ ಕೇಳದೇ ಇದ್ರೂ ತುಂಬಾ ಜನ ಕೆಲಸದ ಮಾತು ಎತ್ತಿದಾರೆ. ಅದರಲ್ಲಿ ಒಂದು.

*

ನಾನು ತುಮಕೂರಲ್ಲಿ ಡಿಗ್ರಿ ಕಾಲೇಜಲ್ಲಿ ಅತಿಥಿ ಉಪನ್ಯಾಸಕ, ಇದು ಹನ್ನೊಂದನೇ ವರ್ಷ, ಅಂದ್ಮೇಲೆ ಕೆಲಸ ಸಿಗೋದರ ಬಗ್ಗೆ ಮಾತಾಡೋಕೆ ನನಗಿಂತ ಯೋಗ್ಯರು ನಿಮಗೆ ಸಿಗಲ್ಲ ಬಿಡಿ. ಮೊದಲು ಕಹಿ ಹೇಳ್ಬಿಡ್ತೀನಿ. ನಮ್ಮ ಕಡೆ ಕಾಲೇಜುಗಳಲ್ಲಿ ಕನ್ನಡ ವಿಭಾಗ ಇರುತ್ತೆ, ಇಂಗ್ಲಿಷ್ ವಿಭಾಗ ಇರುತ್ತೆ, ತೌಲನಿಕ ಸಾಹಿತ್ಯ ಅಂತ ಬೋರ್ಡು ಹಾಕಿರೋ ರೂಮು ನಾನಂತೂ ನೋಡಿಲ್ಲ. ಹಂಗಂತ ಇದೇನು ನಿನ್ನೆ ಮೊನ್ನೆ ಹುಟ್ಟಿದ ಸಬ್ಜೆಕ್ಟಲ್ಲ, ಕೋಲ್ಕತ್ತದ ಜಾದವಪುರ ಯೂನಿವರ್ಸಿಟೀಲಿ ಬುದ್ಧದೇವ ಬೋಸ್ ಅವರು 1956ರಲ್ಲೇ ಇದಕ್ಕೊಂದು ವಿಭಾಗ ಮಾಡಿದ್ರು, ಹೈದರಾಬಾದ್ ಸೆಂಟ್ರಲ್ ಯೂನಿವರ್ಸಿಟೀಲಿ ಇದಕ್ಕೇ ಅಂತ ಸೆಂಟರ್ ಇದೆ, ಕಾಲೇಜಲ್ಲಿ ಪಾಠ ಮಾಡೋಕೆ ಬರೆಯೋ ಯುಜಿಸಿ ನೆಟ್ ಪರೀಕ್ಷೇಲಿ ಬೇರೇನೇ ಪೇಪರ್ ಇದೆ. ಆದ್ರೆ ಊರಿಗೆ ವಾಪಸ್ ಬಂದು ಪಾಠ ಮಾಡ್ಬೇಕು ಅಂತ ಮನಸ್ಸಿದ್ರೆ ಎಂಎ ಯಾವುದರಲ್ಲಿ ಅಂತ ಈಗ್ಲೇ ಯೋಚ್ನೆ ಮಾಡಮ್ಮ, ಕನ್ನಡನೋ ಇಂಗ್ಲಿಷೋ ಆದ್ರೆ ಅರ್ಜಿ ತಗೊಳ್ಳೋರಿಗೆ ನೀನು ಯಾರು ಅಂತ ವಿವರಿಸೋ ಕಷ್ಟ ತಪ್ಪುತ್ತೆ. (ಪರ್ಮನೆಂಟ್ ಆಗುತ್ತೆ ಅಂತ ಹೇಳ್ತಿಲ್ಲ. ನನ್ನ ಗೌರವಧನ ಬಂದು ಮೂರು ತಿಂಗಳಾಯ್ತು, ಅದು ಬೇರೆ ಕತೆ.)

ಇನ್ನ ಮದುವೆ ಮನೆ. ಅಲ್ಲಿ ಯಾರಾದ್ರೂ ಅದೇನಮ್ಮ ಅಂತ ಕೇಳಿದ್ರೆ ಒಂದು ಪ್ರಶ್ನೆ ತಿರುಗಿಸಿ ಕೇಳು. ಸ್ಕೂಲಲ್ಲಿ ಪ್ರಾರ್ಥನೆ ಹೊತ್ತಲ್ಲಿ ‘ಕರುಣಾಳು ಬಾ ಬೆಳಕೆ’ ಹಾಡಿದ್ರಾ ಅಂತ. ಹಾಡಿರ್ತಾರೆ. ಅದು 1833ರಲ್ಲಿ ನ್ಯೂಮನ್ ಅನ್ನೋ ಇಂಗ್ಲೆಂಡಿನ ಪಾದ್ರಿ ಬರೆದ ಪ್ರಾರ್ಥನೆ, ಅದನ್ನ ಕನ್ನಡದ್ದೇ ಅನ್ನೋ ಹಂಗೆ ಮಾಡಿದ್ದು ನಮ್ಮ ತುರುವೇಕೆರೆ ತಾಲ್ಲೂಕು ಸಂಪಿಗೇಲಿ ಹುಟ್ಟಿದ ಬಿ.ಎಂ.ಶ್ರೀ ಅಂತ ನನಗೇ ಎಂಎಗೆ ಬರೋವರೆಗೂ ಗೊತ್ತಿರ್ಲಿಲ್ಲ. ಅದೇ ಬಿ.ಎಂ.ಶ್ರೀ ಗ್ರೀಕ್ ನಾಟಕಕಾರ ಸೋಫೋಕ್ಲಿಸ್‌ನ ‘ಏಜಾಕ್ಸ್’ ನಾಟಕನ ಎತ್ಕೊಂಡು ಬಂದು ಅದರೊಳಗೆ ಅಶ್ವತ್ಥಾಮನ್ನ ಕೂರಿಸಿದ್ರು. ಯಾಕೆ ಅಶ್ವತ್ಥಾಮ? ಕರ್ಣನ್ನ ಯಾಕೆ ಕೂರಿಸ್ಲಿಲ್ಲ? ಏಜಾಕ್ಸ್ ರಾತ್ರಿ ಹೊತ್ತು ಹುಚ್ಚು ಹಿಡಿದು ಶತ್ರುಗಳು ಅಂದ್ಕೊಂಡು ದನ ಕುರಿ ಕಡಿದುಹಾಕ್ತಾನೆ, ಬೆಳಗಾದ್ಮೇಲೆ ನಾಚಿಕೆಯಿಂದ ಸಾಯ್ತಾನೆ. ನಮ್ಮವನೂ ರಾತ್ರೀಲೇ ಮಲಗಿದ್ದೋರನ್ನ ಕೊಂದವನು, ಆದ್ರೆ ಅವನಿಗೆ ಸಾವೇ ಇಲ್ಲ, ಚಿರಂಜೀವಿ. ಸಾಯಲೇಬೇಕಾದ ನಾಟಕದೊಳಗೆ ಸಾಯಲಾರದವನನ್ನ ತಂದು ಕೂರಿಸೋದಕ್ಕೆ ಎಷ್ಟು ಧೈರ್ಯ ಬೇಕು. ಇದೊಂದು ಪ್ರಶ್ನೆ ಎತ್ತಿದ್ರೆ ನನ್ನ ಕ್ಲಾಸಲ್ಲಿ ಕೊನೇ ಬೆಂಚಿನೋರೂ ಫೋನ್ ಕೆಳಗಿಡ್ತಾರೆ. ಬೀಕಾಂ ಸೇರ್ಬೇಡ.

— ಉಪನ್ಯಾಸಕ, ತುಮಕೂರು

*

ಕೋಲಾರ ಜಿಲ್ಲೆ ಹುಡುಗಿ ಮನೇಲಿ ತೆಲುಗು ಮಾತಾಡ್ತೀವಿ ಅಂತ ಹೆಮ್ಮೆಯಿಂದ ಬರೀತಾಳೆ, ನೀವು ಅದನ್ನ ಹಾಕ್ತೀರ. ಮೊದಲು ಕನ್ನಡ ಸಾಹಿತ್ಯ ಪೂರ್ತಿ ಓದ್ಲಿ, ಆಮೇಲೆ ಬೇರೆಯೋರದ್ದು ತೂಕ ಹಾಕ್ಲಿ.

— ಕನ್ನಡಿಗ, ಗೌರಿಬಿದನೂರು

*

ಅವಳ ಪತ್ರ ಪೂರ್ತಿ ಕನ್ನಡದಲ್ಲೇ ಇತ್ತು, ಕಾಗುಣಿತದ ತಪ್ಪು ಒಂದೂ ಇರ್ಲಿಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು ಅನ್ನೋದನ್ನೂ ಇಲ್ಲಿ ನೆನಪಿಸಿ ಮುಂದೆ ಹೋಗ್ತೀವಿ.

*

ನಾನು ಕೋಲಾರ ಮಂಡೀಲಿ ಕಮಿಷನ್ ಏಜೆಂಟು. ಹರಾಜು ಕೂಗೋನು ಒಂದೇ ಉಸಿರಿಗೆ ಮೂರು ಭಾಷೇಲಿ ಕೂಗ್ತಾನೆ, ಬಾಕ್ಸ್ ಎತ್ತೋ ಹಮಾಲಿಗೆ ನಾಲ್ಕು ಬರುತ್ತೆ. ಅದಕ್ಕೆಲ್ಲ ಡಿಗ್ರಿ ಕೊಡೋ ಹಂಗಿದ್ರೆ ನಮ್ಮ ಎಪಿಎಂಸಿನೇ ಯೂನಿವರ್ಸಿಟಿ. ತೌಲನಿಕ ಅಂದ್ರೆ ತಕ್ಕಡಿ ತಾನೆ, ನಮ್ಮತ್ರಾನೂ ಐತೆ ಬಾಮ್ಮ. ತಮಾಷೆಗಂದೆ, ಬೇಜಾರ್ ಮಾಡ್ಕೋಬೇಡ. ಆದ್ರೆ ಟೊಮೇಟೊ ರೇಟು ಬಿದ್ದು ಬಾಕ್ಸುಗಟ್ಲೆ ರೋಡಿಗೆ ಸುರಿದೋಗ್ತಾರಲ್ಲ, ಅಂಥ ಸೀಸನ್ನಲ್ಲೂ ನಿಮ್ಮಪ್ಪ ಫೀಸು ಕಟ್ಟಿರ್ತಾರೆ. ಅಂಥೋರು ಏನ್ ಹೇಳಿದ್ರೂ ನಡೀತದೆ.

— ಕೋಲಾರ

*

ತಮಾಷೆಗೆ ಅಂದ್ರೂ ಉತ್ತರ ಬೇಕಾದ ಮಾತೇ. ಮುಂದಿನ ಪತ್ರದವರು ಇದನ್ನ ಓದದೇನೇ ಉತ್ತರ ಕೊಟ್ಟಿದಾರೆ.

*

ತಂಗಿ ಅಂತೀನಿ, ನಾನು ಇದೇ ಸಬ್ಜೆಕ್ಟಲ್ಲಿ ಎಂಎ ಮುಗಿಸಿದೀನಿ, ಬಾಗೇಪಲ್ಲಿ ನಮ್ದು. ನಿಂಗೊಂದು ಪ್ರಶ್ನೆ, ನಿಂಗೆ ತೆಲುಗು ಓದೋಕೆ ಬರುತ್ತಾ? ನಂಗೆ ಬರ್ತಿರ್ಲಿಲ್ಲ. ಹುಟ್ಟಿದಾಗಿಂದ ತೆಲುಗಲ್ಲೇ ಬೈಸ್ಕೊಂಡು ಬೆಳೆದೋಳು, ಆದ್ರೆ ಅಕ್ಷರ ಕಲ್ತಿದ್ದೆಲ್ಲ ಕನ್ನಡ, ಹಂಗಾಗಿ ಮೇಡಂ ಒಂದಿನ ಪಾಲ್ಕುರಿಕಿ ಸೋಮನಾಥನ ತೆಲುಗು ಬಸವಪುರಾಣ ಕೈಗೆ ಕೊಟ್ಟು ನಿನ್ ಭಾಷೆ ತಾನೆ ಓದು ಅಂದಾಗ ನಾನು ಹೆಬ್ಬೆಟ್ಟು, ಎಲ್ರ ಮುಂದೆ. ಅವತ್ತು ರಾತ್ರಿ ಹಾಸ್ಟೆಲ್ಲಲ್ಲಿ ಅತ್ತು, ಮಾರನೇ ದಿನ ಬಾಲಶಿಕ್ಷೆ ತಗೊಂಡೆ. ಅಕ್ಷರ ಎಲ್ಲಾ ಹತ್ತಿರತ್ತಿರ ನಮ್ದರ ಥರಾನೇ, ತಲೆಕಟ್ಟು ಬೇರೆ, ಮೂರು ವಾರಕ್ಕೆ ಓದೋಕೆ ಬಂತು. ಅರ್ಥ ಮಾತ್ರ ಬರ್ಲಿಲ್ಲ! ನಮ್ಮವ್ವ ಮಾತಾಡೋ ತೆಲುಗೇ ಬೇರೆ, ಸೋಮನಾಥನ ತೆಲುಗೇ ಬೇರೆ. ಆಗ ಗೊತ್ತಾಯ್ತು, ನಾಲ್ಕು ಭಾಷೆ ಮಾತಾಡ್ತೀನಿ ಅಂತ ಕೊಚ್ಕೊಳ್ಳೋದು ಬೇರೆ, ಎರಡು ಭಾಷೇನ ಕೂತ್ಕೊಂಡು ಓದೋದು ಬೇರೆ ಅಂತ.

ಆಮೇಲೆ ಅದರ ಪಕ್ಕ ಭೀಮಕವಿ ಕನ್ನಡ ಬಸವಪುರಾಣ ಇಟ್ಟೆ, 1369ರದ್ದು, ತೆಲುಗಿಂದ ಬಂದಿದ್ದೇ. ಬಸವಣ್ಣ ನಮ್ಮೋರು, ಅವರ ಪುರಾಣ ನಮಗೆ ತೆಲುಗಿಂದ ಬಂತು ಅಂತ ನಮ್ಮೂರಲ್ಲಿ ಹೇಳಿದ್ರೆ ಜಗಳಕ್ಕೆ ಬರ್ತಾರೆ, ಇರ್ಲಿ. ತೆಲುಗಿನದ್ದು ದ್ವಿಪದಿ, ಎರಡೆರಡು ಸಾಲು, ಓಡ್ತಾನೇ ಇರುತ್ತೆ, ಕತೆ ಹೇಳೋನು ಎಲ್ಲಿ ಬೇಕೋ ಅಲ್ಲಿ ಉಸಿರು ಎಳ್ಕೋಬಹುದು. ಕನ್ನಡದ್ದು ಷಟ್ಪದಿ, ಆರು ಸಾಲಿಗೊಂದ್ಸಲ ಬಾಗಿಲು ಹಾಕ್ಲೇಬೇಕು. ಅಂದ್ರೆ ಅದೇ ಕತೆ, ಅದೇ ಶರಣರು, ಆದ್ರೆ ಎಲ್ಲಿ ನಿಲ್ಬೇಕು ಅನ್ನೋದು ಬದಲಾಗೋಗುತ್ತೆ, ನಿಲ್ಲೋ ಜಾಗ ಬದಲಾದ್ರೆ ಕೇಳೋನು ಕಣ್ಣು ಒರೆಸ್ಕೊಳ್ಳೋ ಜಾಗಾನೂ ಬದಲಾಗುತ್ತೆ. ನಾನು ಎರಡು ವರ್ಷ ಓದಿದ್ದು ಬರೀ ಇಂಥದ್ದನ್ನೇ. ಪಂಪನ ತಮ್ಮ ಜಿನವಲ್ಲಭ ತೆಲಂಗಾಣದ ಕುರ್ಕ್ಯಾಲದ ಬಂಡೆ ಮೇಲೆ ಒಂದೇ ಶಾಸನದಲ್ಲಿ ಸಂಸ್ಕೃತ ಕನ್ನಡ ತೆಲುಗು ಮೂರರಲ್ಲೂ ಪದ್ಯ ಕೆತ್ತಿಸಿದಾನೆ, ಅದೂ ಸಾವಿರ ವರ್ಷದ ಹಿಂದೆ, ಅವನನ್ನ ಯಾರೂ ನಿನ್ ಮೀಡಿಯಂ ಯಾವ್ದಪ್ಪ ಅಂತ ಕೇಳಿರಲ್ಲ.

ಹೆಸರು ಹೇಳೋಕೆ ಕಷ್ಟ ಅಂತ ನೀನು ಬರೆದಿದ್ದೆ ಅಲ್ವಾ. 1907ರಲ್ಲಿ ಕಲ್ಕತ್ತದಲ್ಲಿ ರವೀಂದ್ರನಾಥ ಠಾಕೂರರನ್ನ ಇದರ ಬಗ್ಗೆ ಮಾತಾಡಿ ಅಂತ ಕರೆದಾಗ ಅವರೇ ಈ ಇಂಗ್ಲಿಷ್ ಹೆಸರು ಬಿಟ್ಟು ವಿಶ್ವಸಾಹಿತ್ಯ ಅಂತ ಕರ್ಕೊಂಡು ಮಾತಾಡಿದ್ರು. ನೀನೂ ನಿಂಗೆ ಬೇಕಾದಂಗೆ ಕರ್ಕೋ. ನಾನು ಊರಲ್ಲಿ ‘ತೆಲುಗು ಪುಸ್ತಕ ಕನ್ನಡ ಪುಸ್ತಕ ಪಕ್ಕಪಕ್ಕ ಇಟ್ಕೊಂಡು ಓದ್ತೀವಿ’ ಅಂತಿದ್ದೆ, ಸಾಕಾಗ್ತಿತ್ತು. ಒಂದ್ಸಲ ನಮ್ಮತ್ತೆ ಅದನ್ನ ಕೇಳಿ ‘ಹಂಗಾದ್ರೆ ಕೈವಾರ ತಾತಯ್ಯನ ಪದ ಓದಿರ್ತೀಯ, ಒಂದ್ ಹೇಳು’ ಅಂದ್ರು. ತಾತಯ್ಯ ಎರಡೂ ಭಾಷೇಲಿ ಹಾಡಿದೋರು, ನಮ್ಮನೆಯಿಂದ ಕೈವಾರ ಏನ್ ಮಹಾ ದೂರ, ನಮ್ಮ ಸಿಲಬಸ್ಸಲ್ಲಿ ಇರ್ಲಿಲ್ಲ, ನಂಗೊಂದೂ ಬರ್ತಿರ್ಲಿಲ್ಲ. ಅತ್ತೆ ಮೂರು ಹಾಡಿದ್ರು.

— ಬಾಗೇಪಲ್ಲಿ

*

ಇನ್ನ ನಾವು ಕತ್ತರಿ ಹಾಕದ ಪತ್ರ.

*

ಸಂಪಾದಕರಿಗೆ ನಮಸ್ಕಾರ. ನಂಗೆ ಫೋನಲ್ಲಿ ಟೈಪ್ ಮಾಡಿ ಅಭ್ಯಾಸ ಇಲ್ಲ, ಪಕ್ಕದ ಮನೆ ಹುಡುಗ ಮಾಡ್ತಿದಾನೆ, ನಾನು ಹೇಳ್ತಿದೀನಿ, ಅವನು ಮಧ್ಯೆ ಮಧ್ಯೆ ನನ್ ಮುಖ ನೋಡ್ತಾನೆ.

ನಾನು ಇಪ್ಪತ್ತೊಂಬತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದೋನು, ಜಾಸ್ತಿ ವರ್ಷ ಮಾಡಿದ್ದು ತಿರುಪತಿ ರೂಟು. ಕೋಲಾರ ಸ್ಟ್ಯಾಂಡಲ್ಲಿ ಕನ್ನಡ, ಮುಳಬಾಗಿಲಲ್ಲಿ ಅರ್ಧ ಅದು ಅರ್ಧ ಇದು, ನಂಗಲಿ ದಾಟಿ ಪಲಮನೇರು ಕಡೆ ಇಳಿದ್ರೆ ತೆಲುಗೇ, ಚಿತ್ತೂರಲ್ಲಿ ವೆಲ್ಲೂರು ಕಡೆಯೋರು ಹತ್ತಿದ್ರೆ ತಮಿಳು. ಇದನ್ನ ಯಾಕೆ ಹೇಳ್ದೆ ಅಂತ ಆಮೇಲೆ ಬರ್ತೀನಿ.

ಅಮ್ಮಾಯಿ, ನಿಮ್ಮ ನಾಯನ ಹೇಳ್ತಿರೋ ಸುಳ್ಳು ನಾನು ಎರಡು ವರ್ಷ ಹೇಳಿದೀನಿ. ನಂಗೆ ಒಬ್ಬನೇ ಮಗ. ಬಿಎ ಓದುವಾಗ ಕೆಎಎಸ್ ಬರೀತಾನೆ ಅಂತ ಹೇಳ್ಕೊಂಡು ತಿರುಗ್ತಿದ್ದೆ, ಅದೂ ಅವನನ್ನ ಕೇಳಿ ಹೇಳಿದ್ದಲ್ಲ. ಆಮೇಲೆ ಅವನು ಹೈದರಾಬಾದಿಗೆ ಹೋಗಿ ನೀನು ಓದ್ತಿರೋದನ್ನೇ ಎಂಎ ಸೇರ್ಕೊಂಡ. ಡಿಪೋದಲ್ಲಿ ಯಾರೋ ಕೇಳಿದ್ರು, ಹುಡುಗ ಏನ್ ಮಾಡ್ತಿದಾನೆ ಅಂತ. ಎಂಎ ಅಂದೆ. ಯಾವುದ್ರಲ್ಲಿ ಅಂದ್ರು. ತೌಲ ಅಂತ ಶುರು ಮಾಡ್ದೆ, ಪೂರ್ತಿ ಬಾಯಿಗೆ ಬರ್ಲಿಲ್ಲ, ಅವರು ನಗ್ತಾರೇನೋ ಅನ್ನಿಸ್ತು, ಎಂಬಿಎ ಎಂಬಿಎ ಅಂದ್ಬಿಟ್ಟೆ. ಒಂದೇ ಅಕ್ಷರ ಸೇರಿಸಿದ್ದು ನಾನು, ಎಂ ಮತ್ತೆ ಎ ಮಧ್ಯದಲ್ಲಿ. ದೊಡ್ಡ ಸುಳ್ಳಲ್ಲ ಅಂತ ನಂಗೆ ನಾನೇ ಸಮಾಧಾನ ಮಾಡ್ಕೊಂಡೆ.

ಸುಳ್ಳು ಅನ್ನೋದು ಸೀಮೆಹಸು ಕಟ್ಟಿದಂಗೆ, ದಿನಾ ಮೇವು ಹಾಕ್ಬೇಕು. ಯಾವ ಕಾಲೇಜು, ಫೀಸೆಷ್ಟು, ಎಷ್ಟು ಜನ ಸೆಲೆಕ್ಟ್ ಆಗ್ತಾರೆ. ನಮ್ ಭಾವಮೈದ ಅವನ ಮಗನ್ನ ಕರ್ಕೊಂಡು ಬಂದು ಫೈನಾನ್ಸ್ ತಗೋಬೇಕಾ ಮಾರ್ಕೆಟಿಂಗಾ, ನಿಮ್ ಹುಡುಗನ್ನ ಕೇಳಿ ಹೇಳಿ ಭಾವ ಅಂತ ಕೂತ್ಕೊಂಡ. ನಾನು ಒಳಗೋಗಿ ಫೋನ್ ಮಾಡಿದಂಗೆ ಮಾಡಿ ಬಂದು ಫೈನಾನ್ಸಂತೆ ಅಂದೆ. ಆ ಹುಡುಗ ಈಗ ಬೆಂಗ್ಳೂರಲ್ಲಿ ಚೆನ್ನಾಗೇ ಇದಾನೆ, ಅದೊಂದು ಪುಣ್ಯ.

ಶ್ರೀನಿವಾಸಪುರದಲ್ಲಿ ನಮ್ ಷಡ್ಡಕನ ಮನೆ ಗೃಹಪ್ರವೇಶ ಆಯ್ತು. ನನ್ ಮಗ ರಜಕ್ಕೆ ಬಂದಿದ್ದ, ಕರ್ಕೊಂಡು ಹೋಗಿದ್ದೆ, ಪಂಕ್ತೀಲಿ ಅಕ್ಕಪಕ್ಕ ಕೂತಿದ್ವಿ. ಎದುರು ಸಾಲಿಂದ ಒಬ್ರು ಕೇಳಿದ್ರು, ಏನಪ್ಪ ಎಂಬಿಎ ಅಂತೆ, ಕ್ಯಾಂಪಸ್ಸಿಗೆ ಯಾವ್ ಕಂಪ್ನಿ ಬಂದಿತ್ತು ಅಂತ. ನಾನು ಹಿಂಗೆ ಹೇಳ್ಕೊಂಡು ಬಂದಿದೀನಿ ಅಂತ ಅವನಿಗೆ ಗೊತ್ತೇ ಇಲ್ಲ. ನನ್ ಕಡೆ ತಿರುಗಿ ನೋಡ್ದ. ನಾನು ಎಲೆ ನೋಡ್ತಿದ್ದೆ. ಆಮೇಲೆ ಅವನು ಅವರಿಗೆ, ಇನ್ನೂ ಬಂದಿಲ್ಲ ಮಾವ, ಮುಂದಿನ ತಿಂಗಳು ಬರ್ತಾರೆ ಅಂದ. ಹೋಳಿಗೆ ಬಡಿಸೋನು ಬಂದ, ಇನ್ನೊಂದು ಹಾಕಿಸ್ಕೊಂಡು ತಿಂದ. ನನ್ ಮರ್ಯಾದೆ ಉಳಿಸ್ಬಿಟ್ಟ. ಅಲ್ಲೇ ಎದ್ದು ನಿಂತು ನಾಯನ ಸುಳ್ಳು ಹೇಳ್ತಿದಾರೆ ಅಂದಿದ್ರೆ ಎರಡು ದಿನ ತಲೆ ಎತ್ತೋಕಾಗ್ತಿರ್ಲಿಲ್ಲ, ಮೂರನೇ ದಿನ ಸರಿ ಹೋಗ್ತಿತ್ತು.

ಅವತ್ತಿಂದ ಅವನೇನು ಮುನಿಸ್ಕೊಂಡಿಲ್ಲ. ಯುಗಾದಿಗೆ ಬರ್ತಾನೆ. ಪ್ರತಿ ಭಾನುವಾರ ಫೋನ್ ಮಾಡ್ತಾನೆ, ಊಟ ಆಯ್ತಾ, ಬಿಪಿ ಮಾತ್ರೆ ತಗೊಂಡ್ರಾ ಅಂತಾನೆ. ನೆಂಟರ ಮನೆ ಫಂಕ್ಷನ್ನಿಗೆ ಮಾತ್ರ ನನ್ ಜೊತೆ ಒಂದ್ಸಲಾನೂ ಬಂದಿಲ್ಲ, ಒಂಬತ್ತು ವರ್ಷ ಆಯ್ತು. ಏನ್ ಓದ್ದೆ ಅಂತ ನಾನೂ ಕೇಳಿಲ್ಲ, ಅವನೂ ಹೇಳಿಲ್ಲ. ನಾನು ಹೋಳಿಗೆ ತಿನ್ನಲ್ಲ ಈಗ, ಯಾರಾದ್ರೂ ಕೇಳಿದ್ರೆ ಶುಗರ್ ಅಂತೀನಿ. ನಂಗೆ ಶುಗರ್ ಇಲ್ಲ.

ಹೋದ ದೀಪಾವಳಿಗೆ ಅಡುಗೆಮನೆ ಕ್ಲೀನ್ ಮಾಡ್ತಾ ಶೆಲ್ಫಲ್ಲಿ ಡಬ್ಬಗಳ ಕೆಳಗೆ ಹಾಸಿದ್ದ ಹಾಳೆ ಎಳೆದೆ. ನಮ್ಮನೆಯೋಳು ಅವನ ಹಳೇ ಪ್ರಿಂಟು ಹಾಳೆಗಳ್ನೇ ಹಾಸಿದ್ಳು. ಒಂದು ಮುಖಕ್ಕೆಲ್ಲ ಇಂಗ್ಲಿಷು, ಅದು ನಂಗೆ ಗೊತ್ತಾಗಲ್ಲ. ಹಿಂದ್ಗಡೆ ಖಾಲಿ ಇದ್ದ ಕಡೆ ಪೆನ್ನಲ್ಲಿ ಕನ್ನಡದಲ್ಲಿ ಬರ್ಕೊಂಡಿದಾನೆ, ಎಣ್ಣೆ ಕಲೆ ಆಗಿದೆ ಆದ್ರೆ ಓದೋಕೆ ಬರುತ್ತೆ. ‘ನಾಯನ ಬೈಯೋದು ಕನ್ನಡದಲ್ಲಿ. ಸಮಾಧಾನ ಮಾಡೋದು ತೆಲುಗಲ್ಲಿ. ದುಡ್ಡು ಎಣಿಸೋದು ತಮಿಳಲ್ಲಿ. ಯಾಕೆ?’

ಚಿಕ್ಕೋನಿದ್ದಾಗ ಸ್ಕೂಲು ರಜಾ ಬಂದ್ರೆ ಬಸ್ಸಲ್ಲಿ ಕರ್ಕೊಂಡು ಹೋಗ್ತಿದ್ದೆ, ಡ್ರೈವರ್ ಪಕ್ಕ ಬಾನೆಟ್ ಮೇಲೆ ಕೂತಿರ್ತಿದ್ದ. ಕಿಟಕಿ ಆಚೆ ನೋಡ್ತಿದಾನೆ ಅಂದ್ಕೊಂಡಿದ್ದೆ.

ತಮಿಳಲ್ಲಿ ಎಣಿಸೋದು ಯಾಕಂದ್ರೆ ನಾನು ಹುಟ್ಟಿ ಬೆಳೆದಿದ್ದು ಕೆಜಿಎಫಲ್ಲಿ, ನಮ್ಮಪ್ಪ ಮೈನಲ್ಲಿದ್ರು, ಗೋಲಿ ಆಡಿದ್ದೆಲ್ಲ ತಮಿಳು ಹುಡುಗ್ರ ಜೊತೆ, ಎಣಿಕೆ ಅಲ್ಲೇ ಕೂತ್ಬಿಡ್ತು. ಬೈಯೋದು ಕನ್ನಡದಲ್ಲಿ ಯಾಕೆ ಅಂತ ನಂಗೂ ಗೊತ್ತಿಲ್ಲ, ಮೊದಲ ಮೇಲಧಿಕಾರಿ ನನ್ನ ಬೈದಿದ್ದು ಕನ್ನಡದಲ್ಲಿ, ಅದಕ್ಕಿರಬಹುದು. ಅವನು ಬಂದು ಕೇಳಿದ್ರೆ ಇಷ್ಟನ್ನ ಹೇಳ್ತಿದ್ದೆ. ನಾನು ಅವನನ್ನ ಕೇಳಿದ್ರೆ ಅವನೂ ಕೇಳ್ತಿದ್ನೇನೋ.

ಅಮ್ಮಾಯಿ, ಮದುವೆ ಮನೇಲಿ ನಿಮ್ಮ ನಾಯನ ಸುಳ್ಳನ್ನ ನೀನು ಉಳಿಸೋಕೆ ಹೋಗ್ಬೇಡ. ಎಲ್ರ ಮುಂದೆ ಅವರ ಮಾನ ತೆಗಿ ಅಂತಾನೂ ಹೇಳ್ತಿಲ್ಲ. ಮದುವೆಗೆ ಮುಂಚೇನೇ, ತೋಟದಲ್ಲೋ, ಮಂಡಿಗೆ ಹೋಗೋ ಗಾಡೀಲೋ, ಇಬ್ರೇ ಇರುವಾಗ ಹೇಳ್ಬಿಡು, ನಾಯನಾ ನಾನು ಬೀಕಾಂ ಅಂತ ಹೇಳಲ್ಲ ಅಂತ. ಕೂಗಾಡ್ತಾರೆ, ಕೂಗಾಡ್ಲಿ. ಕೂಗಾಡಿ ಮುಗಿಸಿದ್ಮೇಲೆ ‘ಏಂ ಚದುವುತಾಂಡಾವು ಮರಿ’, ಮತ್ತೆ ಏನ್ ಓದ್ತಿದೀಯ ಅಂತ ಅವರೇ ಕೇಳ್ತಾರೆ, ಆಗ ನಿಧಾನಕ್ಕೆ ಹೇಳು, ಆ ಹೆಸರನ್ನ ಎರಡು ಸಲ ಬಾಯಲ್ಲಿ ಹೇಳಿಸು. ನಂಗೆ ಈಗ ಬರುತ್ತೆ. ತೌಲನಿಕ ಸಾಹಿತ್ಯ.

ಆ ಹಾಳೆ ಎತ್ತಿಟ್ಟಿದೀನಿ, ಅವನಿಗೆ ಹೇಳಿಲ್ಲ. ಟೈಪ್ ಮಾಡ್ತಿರೋ ಹುಡುಗ ಈಗ್ಲೇ ಫೋನ್ ಮಾಡಿ ತಾತ ಅಂತಿದಾನೆ. ಇವತ್ತು ಗುರುವಾರ, ಅವನು ಮಾಡೋದು ಭಾನುವಾರ.

— ನಿವೃತ್ತ ಕಂಡಕ್ಟರ್, ಮುಳಬಾಗಿಲು

*

ಆ ಭಾನುವಾರ ಕಳೆದು ಎರಡು ವಾರ ಆಗಿದೆ. ನಾವು ಕೇಳೋಕೆ ಹೋಗಿಲ್ಲ.

*

ಎಲ್ಲಾ ಸರಿ, ಆ ಮಗು ಅಷ್ಟು ದೂರ ಇದೆಯಲ್ಲ, ಅಲ್ಲಿ ಊಟ ಹೆಂಗೆ? ಮುದ್ದೆ ಸಿಗುತ್ತಾ? ನನ್ ಮಗಳು ಒಂದ್ವರ್ಷ ಆಚೆ ಇದ್ದು ಕಡ್ಡಿ ಆಗಿ ಬಂದ್ಳು. ಹುರುಳಿಕಾಳು ಪುಡಿ, ಕಡ್ಲೆಬೀಜದ ಚಟ್ನಿಪುಡಿ ಮಾಡಿ ಕೊಡ್ತೀನಿ, ಮದುವೆಗೆ ಬಂದಾಗ ಚಿಂತಾಮಣಿಗೆ ಬಂದು ತಗೊಂಡೋಗೋಕೆ ಹೇಳಿ. ಯಾವ ಕೋರ್ಸಾದ್ರೇನು, ಹೊಟ್ಟೆ ತುಂಬಿದ್ರೆ ತಾನೆ ಓದೋದು.

— ಒಬ್ಬ ತಾಯಿ, ಚಿಂತಾಮಣಿ

*

ಚಟ್ನಿಪುಡಿ ವಿಷಯ ತಲುಪಿಸಿದೀವಿ. ಬಂದ ಪತ್ರಗಳನ್ನೆಲ್ಲ ಹುಡುಗಿಗೆ ಕಳಿಸಿದ್ವಿ. ಥ್ಯಾಂಕ್ಸ್ ಹೇಳಿ, ಕಂಡಕ್ಟರ್ ಅವರ ಪತ್ರ ಒಂದನ್ನ ಮಾತ್ರ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಯೋ ಹಂಗೆ ಮತ್ತೆ ಕಳಿಸ್ತೀರಾ ಅಂತ ಕೇಳಿದಾಳೆ. ನಾಯನ ಫೋನಲ್ಲಿ ಓದಲ್ವಂತೆ.